ಹೊಳೆಯಬಾರದ ದೋಣಿ

“ಗುರುಗಳೇ, ಮನಸ್ಸಿನ ತಳದಲ್ಲಿ ಉಳಿದುಕೊಂಡ ಗಷ್ಟನ್ನು ಸೋಸಿ ತೆಗೆಯುವುದು ಹೇಗೆ?”

ಕೇಳಿದವನು ಕೊಟ್ರಯ್ಯ. ಮರುದಿನ ಬೆಳಿಗ್ಗೆ ಅವನಿಗೆ ದೀಕ್ಷೆ ಆಗುವುದಿತ್ತು. ಮಠಕ್ಕೆ ಬಂದ ಮೇಲೆ ಅವನು ಪುಸ್ತಕದಂತೆ ಮಾತಾಡುವುದನ್ನು ಕಲಿತಿದ್ದ. ಪ್ರವಚನಕ್ಕೆ ಕೂತರೆ ಮಾತು ಎಲ್ಲಿಯೂ ತಡವರಿಸುತ್ತಿರಲಿಲ್ಲ, ಕೇಳಿದವರು ತಲೆದೂಗುತ್ತಿದ್ದರು. ಗುರುಗಳಿಗೆ ಅವನೆಂದರೆ ಪ್ರಾಣ. ಅದಕ್ಕೇ ಆಗಾಗ ಅವನ ಕಾಲೆಳೆಯುತ್ತಿದ್ದರು.

“ಯಾವ ಗಷ್ಟಪಾ ಅದು?” ಎಂದರು. ಎಷ್ಟು ಓದಿಕೊಂಡಿದ್ದರೂ ಅವರ ಬಾಯಲ್ಲಿ ಹುಟ್ಟಿದೂರಿನ ಮಾತೇ ಉಳಿದಿತ್ತು.

“ಕೋಪ ಹೋಯಿತು. ಆಸೆಯೂ ಬಹುಮಟ್ಟಿಗೆ ಹೋಯಿತು. ಅಕ್ಕನ ಮೇಲಿನ ಮಮತೆಯೊಂದು ಹೋಗುತ್ತಿಲ್ಲ.”

ಅಕ್ಕ ಹಾಲಮ್ಮ ಮಧ್ಯಾಹ್ನವೇ ಬಂದು ಮಠದ ಪಡಸಾಲೆಯಲ್ಲಿ ಕುಳಿತಿದ್ದಳು. ತಾಯಿ ಸತ್ತಾಗ ಕೊಟ್ರಯ್ಯ ತೊಟ್ಟಿಲ ಕೂಸು. ಅವನನ್ನು ಕಂಕುಳಲ್ಲಿ ಎತ್ತಿಕೊಂಡೇ ಅವಳು ದೊಡ್ಡವಳಾಗಿದ್ದಳು. ದೀಕ್ಷೆಯಾದ ಮೇಲೆ ಅವನಿಗೆ ಅಕ್ಕನೆಂಬುವಳಿಲ್ಲ. ಎಲ್ಲರಂತೆ ಅವಳೂ ದೂರ ನಿಂತು ಅಡ್ಡಬೀಳಬೇಕು. ಒಡಹುಟ್ಟಿದವರು ದೀಕ್ಷೆಯನ್ನು ನೋಡಬಾರದೆಂಬುದು ಆ ಮಠದ ಪದ್ಧತಿ. ಹಾಗಾಗಿ ಹಿಂದಿನ ದಿನವೇ ಒಂದು ಸಲ ನೋಡಿಕೊಂಡು, ಸಂಜೆಯ ಬಸ್ಸಿಗೆ ಹೋಗಿಬಿಡೋಣವೆಂದು ಬಂದಿದ್ದಳು.

ಕೊಟ್ರಯ್ಯ ಇನ್ನೂ ಅವಳೆದುರಿಗೆ ಹೋಗಿರಲಿಲ್ಲ. ಧ್ಯಾನದಲ್ಲಿದ್ದೇನೆಂದು ಹೇಳಿ ಕಳಿಸಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆಯಾಗಿತ್ತು. ಅವಳ ಮುಖ ಕಂಡರೆ ಅಳು ಬಂದೀತು, ಇಷ್ಟು ವರ್ಷದ ಸಾಧನೆಯೆಲ್ಲ ನೀರುಪಾಲಾದೀತು ಎಂಬ ಹೆದರಿಕೆ. ಮನಸ್ಸು ತಿಳಿಯಾದರೆ ಹೋಗಿ, ಸಂಸಾರದ ಅನಿತ್ಯತೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ, ವಿಭೂತಿ ಕೊಟ್ಟು ಕಳಿಸಬೇಕೆಂದು ಅವನ ಎಣಿಕೆ. ಆ ನಾಲ್ಕು ಮಾತುಗಳನ್ನು ಆಗಲೇ ಮನಸ್ಸಿನಲ್ಲಿ ಜೋಡಿಸಿಯೂ ಇಟ್ಟಿದ್ದ.

ಗುರುಗಳು ಕೂತಲ್ಲಿಂದಲೇ ಪಡಸಾಲೆಯ ಕಡೆ ಒಮ್ಮೆ ನೋಡಿದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೊಂಬೆಗಾರನಿದ್ದ. ಮರದಲ್ಲಿ ಬೊಂಬೆ ಕೆತ್ತಿ, ಬಣ್ಣ ಹಚ್ಚಿ, ಮೇಲೆ ಮೆರುಗು ಕೊಡುವುದು ಅವನ ಕಸುಬು. ಅವನ ಬೊಂಬೆಯನ್ನು ಎದುರಿಗಿಟ್ಟುಕೊಂಡು ತಲೆ ಬಾಚಬಹುದು ಎಂದು ಜನ ಹೇಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಅವನು ಉಬ್ಬಿಹೋಗುತ್ತಿದ್ದ. ಆ ಹೊಳಪಿನ ಗುಟ್ಟೆಲ್ಲ ಇದ್ದದ್ದು ಸೋಸುವುದರಲ್ಲಿ. ವಾರ್ನಿಷ್ ಯಾವುದೇ ಇರಲಿ, ಎಷ್ಟೇ ಹೊಸದಿರಲಿ, ತೆಳು ಬಟ್ಟೆಯನ್ನು ಮಡಿಕೆ ಮಾಡಿ ಅದರಲ್ಲಿ ಸೋಸದೆ ಅವನು ಕುಂಚ ಅದ್ದುತ್ತಿರಲಿಲ್ಲ. ಒಂದು ಕಣ ಧೂಳು ಉಳಿದರೂ ಮೆರುಗು ಕೆಡುತ್ತದೆ. ಅವನಿಗೆ ಅವನಪ್ಪ ಕಲಿಸಿದ್ದು ಅದು. ಅಪ್ಪನಿಗೆ ಅವನಪ್ಪ ಕಲಿಸಿದ್ದೂ ಅದೇ.

ಒಂದು ದಿನ ಒಬ್ಬ ಮುದುಕ ಅಂಬಿಗ ಅವನ ಬಾಗಿಲಿಗೆ ಬಂದ. ನದಿಗೆ ಸೇತುವೆಯಾದ ಮೇಲೆ ಅವನ ದೋಣಿ ದಡ ಸೇರಿತ್ತು. ಅಲ್ಲೇ ಬಿಸಿಲಿಗೆ ಒಡೆದು, ಕೊನೆಗೆ ಸೌದೆಯಾಗಿ ಹೋಯಿತು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು.

“ನನ್ನ ದೋಣಿ ಇದ್ದಂಗ ಸಣ್ಣದೊಂದು ಮಾಡಿಕೊಡಪ್ಪ,” ಎಂದ ಅಂಬಿಗ. “ನನ್ನ ಹೆಂಡತಿ ದಿನಾ ನನ್ನ ಜೋಡಿ ದೋಣ್ಯಾಗ ಬರ್ತಿದ್ಲು. ಎಲ್ಲಿ ಕುಂದರ್ತಿದ್ಲು ಅನ್ನೋದು ಈಗ ನೆನಪಿಗೆ ಬರವಲ್ದು. ಮುಖಾನೂ ಮಸುಕಾಗಾಕತ್ತೈತಿ. ದೋಣಿ ಕಂಡರ ಅಕಿನೂ ಕಂಡಾಳು.”

ಬೊಂಬೆಗಾರ ಒಪ್ಪಿಕೊಂಡ. ಅಂಬಿಗನನ್ನು ಎದುರಿಗೆ ಕೂರಿಸಿಕೊಂಡು, ಒಂದೊಂದನ್ನೂ ಕೇಳಿ ಕೇಳಿ ಮಾಡಿದ. ಹುಟ್ಟು ಉಜ್ಜಿ ಅಂಚು ಎಲ್ಲಿ ಸವೆದಿತ್ತು, ಯಾವ ಹಲಗೆ ಸೀಳಿತ್ತು, ಹಗ್ಗದ ಗುರುತು ಎಷ್ಟು ಆಳವಿತ್ತು, ಯಾವುದನ್ನೂ ಬಿಡಲಿಲ್ಲ. ಬಣ್ಣವೂ ಹಾಗೆಯೇ. ಬಿಸಿಲಿಗೂ ನೀರಿಗೂ ಬೂದಾದ ಮರದ ಬಣ್ಣ ಕುಂಚಕ್ಕೆ ಸಿಗುವ ತನಕ ಕಲಸಿದ್ದೇ ಕಲಸಿದ್ದು. ಅಂಬಿಗನ ಷರತ್ತು ಒಂದೇ ಒಂದಿತ್ತು.

“ಹೊಳಪು ಮಾತ್ರ ಬ್ಯಾಡ. ನನ್ನ ದೋಣಿ ಒಂದಿನಾನೂ ಹೊಳದದ್ದಿಲ್ಲ.”

ಹಾಗೆಂದು ಬರಿ ಬಣ್ಣ ಬಿಟ್ಟರೆ ಕೈಯ ಬೆವರಿಗೇ ಅಳಿಸಿಹೋಗುತ್ತದೆ. ಮೇಲೊಂದು ಲೇಪ ಬೇಕೇ ಬೇಕು. ಹೊಳಪು ಬಾರದ ವಾರ್ನಿಷ್ ಎಂಬುದೊಂದಿದೆಯೆಂದು ಬೊಂಬೆಗಾರ ಕೇಳಿದ್ದನೇ ಹೊರತು ಎಂದೂ ಕೈಯಲ್ಲಿ ಹಿಡಿದಿರಲಿಲ್ಲ. ಪೇಟೆಗೆ ಹೋಗಿ ಬಣ್ಣದ ಅಂಗಡಿಯಿಂದ ಒಂದು ಬಾಟಲಿ ತಂದ. ಬೆಳಕಿಗೆ ಹಿಡಿದು ನೋಡಿದರೆ ಮೇಲೆಲ್ಲ ತಿಳಿ, ತಳದಲ್ಲಿ ಬಿಳಿಯ ಗಷ್ಟು. ಅಂಗಡಿಯವನು ತನಗೆ ಟೋಪಿ ಹಾಕಿದ ಎಂದುಕೊಂಡ. ಬಟ್ಟೆ ಮಡಿಚಿ ಎಂದಿನಂತೆ ಸೋಸಿದ. ಬಟ್ಟೆಯಲ್ಲಿ ಉಳಿದ ಬಿಳಿ ಮಡ್ಡಿ ನೋಡಿ, ಸದ್ಯ ದೋಣಿ ಉಳಿಯಿತು ಎಂದು ನಿಟ್ಟುಸಿರು ಬಿಟ್ಟ.

ತಿಳಿಯಾದ ವಾರ್ನಿಷನ್ನು ದೋಣಿಗೆ ಹಚ್ಚಿದ. ಅದು ಒಣಗಿತು. ದೋಣಿ ಥಳಥಳ ಹೊಳೆಯಿತು.

ಇನ್ನೂ ಒಂದಿಷ್ಟು ಕೊಳೆ ಉಳಿದಿರಬೇಕು, ಅದಕ್ಕೇ ಹೀಗೆ ಎಂದುಕೊಂಡ ಆ ಪುಣ್ಯಾತ್ಮ. ಮಿಕ್ಕಿದ್ದನ್ನು ಮತ್ತೊಮ್ಮೆ ಸೋಸಿ ಇನ್ನೊಂದು ಕೈ ಹಚ್ಚಿದ. ಹೊಳಪು ಇನ್ನಷ್ಟು ಏರಿತು. ಅದನ್ನು ಏನು ಮಾಡುವುದೆಂದು ತಿಳಿಯದೆ ಕೂತಿರುವಾಗ ಅಂಬಿಗ ಬಂದೇಬಿಟ್ಟ.

ಮುದುಕ ದೋಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಈ ಕಡೆ ತಿರುಗಿಸಿದರೆ ಅದರ ಮೈಯಲ್ಲಿ ಕಿಟಕಿಯ ಸರಳು ಕಂಡವು. ಆ ಕಡೆ ತಿರುಗಿಸಿದರೆ ಅವನದೇ ಬಿಳಿ ಮೀಸೆ ಕಂಡಿತು. ಬಹಳ ಹೊತ್ತು ಹಾಗೆ ತಿರುಗಿಸಿ ತಿರುಗಿಸಿ ನೋಡಿದ.

“ಚಲೋ ಆಗೈತಿ,” ಎಂದ ಮರ್ಯಾದೆಗೆ. ಆಮೇಲೆ ಕೇಳಿದ, “ಯಾರ ದೋಣಿ ಇದು?”

ಮುದುಕ ಹೋದ ಮೇಲೆ ಬೊಂಬೆಗಾರ ದೋಣಿಯನ್ನು ಮತ್ತೆ ಮತ್ತೆ ತಡವಿ ನೋಡಿದ. ಅವನು ಒಂದು ಗೆರೆಯನ್ನೂ ತಪ್ಪಿರಲಿಲ್ಲ. ಸೀಳು ಇತ್ತು, ಸವೆದ ಅಂಚು ಇತ್ತು, ಹಗ್ಗದ ಗುರುತೂ ಇತ್ತು. ಎಲ್ಲ ಇದ್ದೂ ಮುದುಕ ಬರಿಗೈಯಲ್ಲಿ ಹೋಗಿದ್ದ. ಇನ್ನಷ್ಟು ದಿನ ಕಳೆದರೆ ಆ ಹೆಂಗಸಿನ ಮುಖ ಅವನ ಪಾಲಿಗೆ ಪೂರ್ತಿ ಅಳಿಸಿಹೋಗುತ್ತದಲ್ಲ ಎಂದು ಬೊಂಬೆಗಾರನಿಗೆ ಸಂಕಟವಾಯಿತು.

ಅವನ ಹೆಂಡತಿ ಮಹಾ ಅಚ್ಚುಕಟ್ಟಿನವಳು. ಸೋಸಿದ ಬಟ್ಟೆ ಹಸಿಯಾಗಿಯೇ ಮೂಲೆಯಲ್ಲಿ ಬಿದ್ದಿತ್ತು. ಯಾವುದೋ ಒರೆಸುವ ಬಟ್ಟೆ ಎಂದುಕೊಂಡು ಅವಳು ಅದರಿಂದ ಊಟದ ಮಣೆಯನ್ನು ಒರೆಸಿದ್ದಳು. ಅದು ತವರಿನಿಂದ ಬಂದ ಅರಗಿನ ಮೆರುಗಿನ ಮಣೆ. ಒಣಗಿದ ಮೇಲೆ ನೋಡಿದರೆ ಹೊಳಪೇ ಇಲ್ಲ. ಮಣೆಯನ್ನೂ ಆ ಬಟ್ಟೆಯನ್ನೂ ತಂದು ಗಂಡನ ಮುಂದೆ ಕುಕ್ಕಿದಳು.

“ನಿಮ್ಮ ಅರಿವಿ ನನ್ನ ಮಣಿ ಹೊಳಪೆಲ್ಲಾ ನುಂಗಿ ಕುಂತೈತಿ, ನೋಡ್ರಿ.”

ಅವಳು ಮಂಗಳಾರತಿ ಎತ್ತುತ್ತಲೇ ಇದ್ದಳು. ಬೊಂಬೆಗಾರನ ಕಿವಿಗೆ ಅದು ಬೀಳಲಿಲ್ಲ. ಅವನು ಮಣೆಯ ಮೇಲೆ ಬೆರಳಾಡಿಸುತ್ತ ಕುಳಿತುಬಿಟ್ಟಿದ್ದ. ಮರದ ಎಳೆ ಎಳೆಯೂ ಕಾಣುತ್ತಿತ್ತು. ಅಂಗಡಿಯವನು ಮೋಸ ಮಾಡಿರಲಿಲ್ಲ. ಹೊಲಸೆಂದು ತಾನು ಸೋಸಿ ಮೂಲೆಗೆ ಎಸೆದದ್ದೇ ಅದರೊಳಗಿನ ಸತ್ವ ಎಂಬುದು ಅವನ ತಲೆಗೆ ಆಗ ಹೊಕ್ಕಿತು.

ಹೆಂಡತಿಗೆ ಹೊಸ ಮಣೆಯ ಮಾತು ಕೊಟ್ಟು, ಪೇಟೆಗೆ ಹೋಗಿ ಇನ್ನೊಂದು ಬಾಟಲಿ ತಂದ. ಕಡ್ಡಿ ಇಳಿಸಿ ತಳದಿಂದ ಕದಡಿದ. ತಿಳಿಯಾಗಿದ್ದದ್ದು ಹಾಲಿನಂತೆ ಬೆಳ್ಳಗಾಯಿತು. ಹುಟ್ಟಿದಾಗಿನಿಂದ ಕದಡಿದ ವಾರ್ನಿಷಿಗೆ ಕುಂಚ ಅದ್ದಿದವನಲ್ಲ ಅವನು. ಮೊದಲು ಒಂದು ಮರದ ಚೂರಿಗೆ ಹಚ್ಚಿ ನೋಡಿದ. ದಪ್ಪವಾದಲ್ಲಿ ಬೂದಿ ಬಳಿದಂತೆ ಬೆಳ್ಳಗೆ ನಿಂತಿತು, ತೆಳುವಾದಲ್ಲಿ ಸರಿಹೋಯಿತು. ಆಮೇಲೆ ದೋಣಿಗೆ ತೆಳ್ಳಗೆ ಒಂದು ಕೈ ಎಳೆದ.

ದೋಣಿಯ ಮೇಲೆ ಬಿಳಿ ಪೊರೆ ಕವಿಯಿತು. ಎಲ್ಲ ಕೆಟ್ಟಿತು ಎಂದು ಅವನು ತಲೆಯ ಮೇಲೆ ಕೈ ಹೊತ್ತು ಕುಳಿತ. ಒಣಗುತ್ತ ಒಣಗುತ್ತ ಆ ಬಿಳುಪು ತಾನಾಗಿಯೇ ಹೋಯಿತು. ಹೋಗುವಾಗ ಹೊಳಪನ್ನೂ ಕರೆದುಕೊಂಡು ಹೋಯಿತು. ಉಳಿದದ್ದು ಬೂದುಬಣ್ಣದ ಮರ, ಸೀಳಿದ ಹಲಗೆ, ಸವೆದ ಅಂಚು. ಮೇಲೊಂದು ಲೇಪವಿದೆಯೆಂದು ಹಚ್ಚಿದವನಿಗೇ ಗೊತ್ತಾಗುವಂತಿರಲಿಲ್ಲ.

ಅಂಬಿಗನನ್ನು ಮತ್ತೆ ಕರೆಸಿದ. ಮುದುಕ ಈ ಸಲ ದೋಣಿಯನ್ನು ತಿರುಗಿಸಿ ನೋಡಲಿಲ್ಲ. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲೂ ಇಲ್ಲ. ನೇರವಾಗಿ ಸೀಳಿದ ಹಲಗೆಯ ಪಕ್ಕದಲ್ಲಿ ಬೆರಳಿಟ್ಟ.

“ಇಲ್ಲೇ. ನೀರು ಒಸರತಿತ್ತಲ್ಲ, ಚೊಂಬಿನಾಗ ಎತ್ತಿ ಎತ್ತಿ ಚೆಲ್ಲತಿದ್ಲು. ಚೆಲ್ಲಿಕೋತ ನನ್ನ ಬೈತಿದ್ಲು. ನಾಳೆ ಬಡಗ್ಯಾರನ ಕರಸ್ತೀನಿ ತಡೀಯೇ, ಅಂತಿದ್ದೆ.”

ಆಮೇಲೆ ಅವನು ಮಾತಾಡಿದ್ದು ಬೊಂಬೆಗಾರನ ಜೊತೆಯಲ್ಲಲ್ಲ. ಬಡಗಿಯನ್ನು ಯಾಕೆ ಕರೆಸಲಿಲ್ಲ ಎಂಬುದಕ್ಕೆ ಹೆಂಡತಿಗೆ ಒಂದೊಂದೇ ನೆವ ಹೇಳುತ್ತ ಕುಳಿತ, ನಡುನಡುವೆ ನಕ್ಕ. ಎದುರಿಗೆ ಒಬ್ಬ ಮನುಷ್ಯ ಇದ್ದಾನೆಂಬುದೇ ಅವನಿಗೆ ಮರೆತುಹೋಗಿತ್ತು. ಬೊಂಬೆಗಾರ ಸದ್ದು ಮಾಡದೆ ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತ. ತನ್ನ ಕೆಲಸವನ್ನು ಯಾರೂ ಹೊಗಳದ ದಿನ ಅವನಿಗೆ ಎಂದೂ ಆಗದಷ್ಟು ಸಂತೋಷವಾಯಿತು.

ಗುರುಗಳು ಕತೆ ಮುಗಿಸಿದರು. ಪಡಸಾಲೆಯಲ್ಲಿ ಹಾಲಮ್ಮ ಎದ್ದು ಸೆರಗು ಕೊಡವಿಕೊಂಡು, ಬಸ್ಸು ಬರುವ ದಾರಿಯ ಕಡೆ ನೋಡುತ್ತಿದ್ದಳು. ಅದು ಕೊಟ್ರಯ್ಯನಿಗೂ ಕಂಡಿತು. ಅವನು ಅರ್ಧ ಎದ್ದವನು ಮತ್ತೆ ಕುಳಿತ.

“ಕತೆ ಅರ್ಥವಾಯಿತು, ಗುರುಗಳೇ,” ಎಂದ. ಅವನ ದನಿ ಆಗಲೇ ಒಡೆದಿತ್ತು. “ಆದರೆ ನಾಳೆ ದೀಕ್ಷೆ ಪಡೆಯುವವನು ಇಂದು ಅವಳ ಮುಂದೆ ಕುಳಿತು ಅತ್ತುಬಿಟ್ಟರೆ, ಅವಳು ಎಂಥ ಸ್ವಾಮಿಯನ್ನು ನೋಡಿಕೊಂಡು ಹೋದಂತಾಯಿತು?”

“ಸ್ವಾಮಿಗಳನ್ನ ನೋಡೂದಿದ್ದರ ಅಕಿ ಊರಾಗ ಇಬ್ಬರದಾರಲ್ಲೋ, ತಮ್ಮಾ,” ಎಂದರು ಗುರುಗಳು.

ಕೊಟ್ರಯ್ಯ ಎದ್ದು ಪಡಸಾಲೆಯ ಕಡೆ ನಡೆದ.