ಗಾಣದ ಫಕೀರವ್ವನ ಬಾಯಿ

ಬಹಳ ಹಿಂದೆ ಒಂದೂರಿನಲ್ಲಿ, ಎಷ್ಟು ಹಿಂದೆ ಅಂತ ಕೇಳಬೇಡಿ, ನನ್ನಜ್ಜಿಯ ಅಜ್ಜಿಗೂ ಗೊತ್ತಿರಲಿಲ್ಲ, ಫಕೀರವ್ವ ಅಂತ ಒಬ್ಬಳು ಗಾಣಿಗಿತ್ತಿ ಇದ್ದಳಂತೆ. ಊರ ಅಂಚಿನಲ್ಲಿ ಕುಸುಬಿ ಎಣ್ಣೆ ತೆಗೆಯುತ್ತಿದ್ದಳು. ಅವಳ ಗಾಣ ಕಿರುಗುಟ್ಟುತ್ತಿತ್ತು, ಅವಳ ಬಾಯಿ ಅದಕ್ಕಿಂತ ಜೋರು. ಎತ್ತಿಗೆ ಬೈಯುತ್ತಿದ್ದಳು, ಬಿಸಿಲಿಗೆ ಬೈಯುತ್ತಿದ್ದಳು, ಯಾರೂ ಸಿಗದಿದ್ದರೆ ತನಗೇ ಬೈದುಕೊಳ್ಳುತ್ತಿದ್ದಳು. ಅವಳು ಕೂಗಿದರೆ ಮೂರೂರಾಚೆ ನಾಯಿಗಳು ಬೊಗಳುತ್ತಿದ್ದವು ಅಂತ ಹೇಳುತ್ತಾರೆ. ಅದನ್ನು ನಂಬದಿದ್ದರೂ ಪರವಾಗಿಲ್ಲ. ಮುಂದಿನದನ್ನು ನಂಬಿ.

ಆ ಕಾಲದಲ್ಲಿ ಹೊಳೆಯಾಚೆ ಎರಡು ದಂಡು ಕಾದಾಡಿದವಂತೆ. ಯಾರ ದಂಡು, ಯಾತಕ್ಕೆ ಕಾದಾಡಿದವು, ಯಾರಿಗೂ ನೆನಪಿಲ್ಲ. ಗೆದ್ದವರಿಗಾದರೂ ನೆನಪಿತ್ತೋ ಇಲ್ಲವೋ! ಸುಟ್ಟ ಊರಿನಿಂದ ಒಂದು ಬಂಡಿ ತುಂಬ ಮಕ್ಕಳು ಬಂದವು. ದಂಡು ಬರುತ್ತಿದೆ ಅಂತ ತಿಳಿದಾಗ ತಾಯಂದಿರು ಅವನ್ನು ಹಗೇವಿಗೆ ಇಳಿಸಿದ್ದರಂತೆ. ಹಗೇವು ಗೊತ್ತಲ್ಲ, ಜೋಳ ಕಾಪಿಡುವ ನೆಲದೊಳಗಿನ ಗುಂಡಿ. ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದರೆ ಒಳಗೇನಿದೆ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಹಾಗಾಗಿ ಮಕ್ಕಳು ಉಳಿದವು. ಕಲ್ಲು ಮುಚ್ಚಿದವರು ಉಳಿಯಲಿಲ್ಲ. ಆಮೇಲೆ ಆ ದಾರಿಯಲ್ಲಿ ಬಂದ ಬಂಡಿಯವರು ಕಲ್ಲೆತ್ತಿ ಮಕ್ಕಳನ್ನು ತೆಗೆದು, ಈ ಊರಿನ ಚಾವಡಿಗೆ ತಂದು ಬಿಟ್ಟರು.

ಊರಿನವರು ಒಳ್ಳೆಯವರು. ತೊಂದರೆಯಾದದ್ದೇ ಅದರಿಂದ. ಹಿರಿಯರು ಕೂತು ಯೋಚಿಸಿದರು: ಇವು ದಂಡಿನ ಗದ್ದಲಕ್ಕೆ ಬೆದರಿದ ಮಕ್ಕಳು, ಇನ್ನು ಇವುಗಳ ಕಿವಿಗೆ ಒಂದು ಸದ್ದೂ ಬೀಳಬಾರದು. ಎತ್ತುಗಳ ಕೊರಳಿನ ಗಂಟೆ ಬಿಚ್ಚಿಸಿದರು. ಕಮ್ಮಾರನ ಸುತ್ತಿಗೆ ನಿಲ್ಲಿಸಿದರು. ಹೆಂಗಸರು ಬೆಲ್ಲದ ಚೂರು ಹಿಡಿದು ತುದಿಗಾಲಲ್ಲಿ ಚಾವಡಿಗೆ ಹೋಗಿ, ಮಕ್ಕಳ ಕಿವಿಯ ಹತ್ತಿರ ಬಾಗಿ, "ಸುಮ್ನಿರು ಕೂಸ, ಸುಮ್ನಿರು" ಅಂತ ಪಿಸುಗುಟ್ಟಿದರು. ಮಕ್ಕಳು ಬೆಚ್ಚಿಬಿದ್ದು ಗೋಡೆಗೆ ಒತ್ತಿಕೊಂಡವು. ಊಟ ಒಲ್ಲವು, ನಿದ್ದೆ ಒಲ್ಲವು. ಅದನ್ನು ನೋಡಿ ಊರವರು ಇನ್ನೂ ಮೆಲ್ಲಗೆ ಮಾತಾಡಿದರು. ಇಂಥವರಿಗೆ ಏನು ಹೇಳುತ್ತೀರಿ?

ಗಾಣ ನಿಲ್ಲಿಸು ಅಂತ ಫಕೀರವ್ವನಿಗೂ ಹೇಳಿ ಕಳಿಸಿದರು. "ಪಿಸುಪಿಸು ಅಂದ್ರ ಎಣ್ಣಿ ಇಳಿತೈತೇನು?" ಅಂತ ಬೈದು ಕಳಿಸಿದಳು.

ಆ ಕಿರುಗುಟ್ಟುವ ಸದ್ದು ಹಿಡಿದು ಒಂದು ದಿನ ಮಕ್ಕಳೇ ಅವಳ ಅಂಗಳಕ್ಕೆ ಬಂದವು. ಫಕೀರವ್ವನಿಗೆ ಮಕ್ಕಳೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ನಿಂತು ನೋಡಲು ಇದೇನು ಬಯಲಾಟವೇ, ಗಾಣದ ತೊಲೆಯ ಮೇಲೆ ಕೂತರೆ ಭಾರಕ್ಕಾದರೂ ಆಗುತ್ತೀರಿ ಅಂತ ಗದರಿಸಿ ಹತ್ತಿಸಿದಳು. ಎತ್ತು ಸುತ್ತಿತು, ಮಕ್ಕಳು ಸುತ್ತಿದವು, ಫಕೀರವ್ವ ಬೈಯುತ್ತಲೇ ಇದ್ದಳು. ಮಧ್ಯಾಹ್ನ ರೊಟ್ಟಿ ತಿಂದವು. ಮರುದಿನ ಮತ್ತೆ ಬಂದವು.

ಅವುಗಳಲ್ಲಿ ದೊಡ್ಡ ಹುಡುಗಿಯೊಬ್ಬಳು ತೊಲೆಯ ಮೇಲೆ ಸುತ್ತುತ್ತಲೇ ಹೇಳಿದಳಂತೆ: ಅವ್ವ ಕಲ್ಲು ಮುಚ್ಚುವಾಗ ಕಿವಿಯಲ್ಲಿ ಸುಮ್ಮನಿರು ಅಂದಳು, ಮೇಲೆ ಹೆಜ್ಜೆ ಸಪ್ಪಳ ಕೇಳಿದರೂ ಉಸಿರೆತ್ತಬೇಡ, ನಾನು ಬಂದು ಕೂಗುವವರೆಗೆ ಸುಮ್ಮನಿರು ಅಂದಳು. ಫಕೀರವ್ವ ಎತ್ತಿಗೆ ಇನ್ನಷ್ಟು ಬೈದಳು.

ಎಲ್ಲರಿಗಿಂತ ಚಿಕ್ಕವಳು ಬಂದಂದಿನಿಂದ ಬಾಯಿ ಬಿಟ್ಟಿರಲಿಲ್ಲ. ಹೆಸರೂ ತಿಳಿಯದೆ ಫಕೀರವ್ವ ಅವಳನ್ನು ಗುಬ್ಬಿ ಅನ್ನುತ್ತಿದ್ದಳು. ಗುಬ್ಬಿ ಸದಾ ತನ್ನ ಬಾಯಿಯನ್ನು ತನ್ನ ಕೈಯಿಂದಲೇ ಮುಚ್ಚಿಕೊಂಡಿರುತ್ತಿದ್ದಳು. ಗಾಣದ ಮೇಲೆ ಕೂತಾಗ ಮಾತ್ರ ಆ ಕೈ ಕೆಳಗಿಳಿಯುತ್ತಿತ್ತು. ಫಕೀರವ್ವ ಬೈದ ಹಾಗೆಲ್ಲ ಅವಳ ತುಟಿಯೂ ಸದ್ದಿಲ್ಲದೆ ಆಡುತ್ತಿತ್ತಂತೆ.

ಹಿರಿಯರಿಗೆ ಸುದ್ದಿ ಹೋಯಿತು. ತಬ್ಬಲಿ ಮಕ್ಕಳನ್ನು ಗಾಣದ ಭಾರದ ಕಲ್ಲು ಮಾಡಿಕೊಂಡಿದ್ದೀಯಾ, ಬಾಯಿ ಮುಚ್ಚು ಅಂತ ಅವಳನ್ನು ಬೈದು ಮಕ್ಕಳನ್ನು ಕರೆದೊಯ್ದರು. ಫಕೀರವ್ವನಿಗೆ ಮೈ ಉರಿದುಹೋಯಿತು. "ಮುಚ್ಚೀನಿ ತಗೋರಿ!" ಅಂತ ಎತ್ತು ಬಿಚ್ಚಿ, ಗಾಣ ನಿಲ್ಲಿಸಿ, ಗೋಡೆ ಕಡೆ ಮುಖ ಮಾಡಿ ಕೂತುಬಿಟ್ಟಳು. ಊರಿಗೆ ಊರೇ ಮೌನವಾಯಿತು. ಹಿರಿಯರಿಗೆ ಭಾರಿ ಸಮಾಧಾನ.

ಮರುದಿನ ಗುಬ್ಬಿ ಇರಲಿಲ್ಲ.

ಹಗೇವಿಗೇ ಹೋಗಿರುತ್ತಾಳೆ ಅಂದಳು ದೊಡ್ಡ ಹುಡುಗಿ. ಊರ ಹೊರಗೆ ಒಂದು ಬಯಲಿನ ತುಂಬ ಹಗೇವುಗಳೇ. ಗಾಳಿಯಾಡಲಿ ಅಂತ ತೆರೆದಿಟ್ಟಿದ್ದ, ಗುಬ್ಬಿ ಇಳಿದಿದ್ದ ಖಾಲಿ ಹಗೇವಿಗೆ, ಕರು ಬಿದ್ದೀತು ಅಂತ ಯಾರೋ ಪುಣ್ಯಾತ್ಮ ಒಳಗೆ ಇಣುಕದೆಯೇ ಕಲ್ಲು ಮುಚ್ಚಿ, ಮಣ್ಣೆಳೆದು, ಬೇರೆ ಊರಿಗೆ ಹೋಗಿದ್ದ. ಇದು ಆಮೇಲೆ ತಿಳಿದದ್ದು. ಆಗ ಕಂಡದ್ದು ಒಂದೇ ಥರದ ಮಣ್ಣಿನ ದಿಬ್ಬಗಳು. ಎಲ್ಲವನ್ನೂ ಅಗೆದು ತೆಗೆಯುವಷ್ಟರಲ್ಲಿ ಒಳಗಿನ ಕೂಸಿಗೆ ಉಸಿರು ಉಳಿಯುವುದಿಲ್ಲ. ಊರವರು ಏನು ಮಾಡಿದರು ಗೊತ್ತೇ? ಕೂಸು ಹೆದರೀತು ಅಂತ ತುದಿಗಾಲಲ್ಲಿ ನಡೆದು, ಕಲ್ಲಿಗೆ ಬಾಯಿಟ್ಟು, "ಕೂಸ... ಕೂಸ..." ಅಂತ ಪಿಸುಗುಟ್ಟಿದರು!

ಸುದ್ದಿ ಕೇಳಿ ಫಕೀರವ್ವ ಓಡಿ ಬಂದಳು. ಮೇಲೆ ಕಳ್ಳ ಹೆಜ್ಜೆ, ಪಿಸುಮಾತು. ಒಳಗೆ ಉಸಿರು ಬಿಗಿ ಹಿಡಿದ ಕೂಸು. ಅವಳಿಗೆ ಈ ಮೂಢರ ಮೇಲೆ ಸಿಟ್ಟು, ಸೆಟೆದು ಕೂತ ತನ್ನ ಮೇಲೆ ಇನ್ನೂ ಸಿಟ್ಟು. ಬಂದು ಕೂಗುತ್ತೇನೆ ಅಂದಿದ್ದ ತಾಯಿ ಇನ್ನೆಲ್ಲಿಂದ ಬರಬೇಕು?

"ಏ ಗುಬ್ಬೀ! ಎಲ್ಲಿ ಹಾಳಾಗಿ ಹೋಗೀಯ? ರೊಟ್ಟಿ ಆರಾಕತ್ತಾವು, ಎತ್ತು ನನ್ನ ಮಾತು ಕೇಳವಲ್ದು, ಎಷ್ಟಂತ ಒದರಲಿ? ಬಾ ಹೊರಗ!"

ಹಿರಿಯರು ಅವಳ ಬಾಯಿ ಹಿಡಿಯಲು ಓಡಿದರು. ಅವರನ್ನು ನೂಕಿ, ಒಂದೊಂದು ಹಗೇವಿನ ಮೇಲೂ ನಿಂತು ಕಾಲು ಅಪ್ಪಳಿಸಿ, ಮತ್ತೆ ಮತ್ತೆ ಅದನ್ನೇ ಕೂಗಿದಳು. ಗಂಟಲು ಹರಿದು ರಕ್ತ ಬಂತು ಅಂತ ಹೇಳುತ್ತಾರೆ. ಆಗ ಒಂದು ಕಲ್ಲಿನ ಕೆಳಗಿನಿಂದ ಬೇಸತ್ತ ಸಣ್ಣ ದನಿಯೊಂದು ಬಂತು.

"ಒದರಬ್ಯಾಡ! ಬರಾಕತ್ತೀನಿ!"

ಕಲ್ಲೆತ್ತಿದರು. ಗುಬ್ಬಿ ಬೈಯುತ್ತಲೇ ಮೇಲೆ ಬಂದಳಂತೆ. ಆವತ್ತೇ ಎತ್ತುಗಳಿಗೆ ಗಂಟೆ ಕಟ್ಟಿದರು, ಕಮ್ಮಾರ ಸುತ್ತಿಗೆ ಎತ್ತಿದ.

ಆ ಊರಿನಲ್ಲಿ ಇವತ್ತಿಗೂ ಅಳುವ ಮಗುವಿಗೆ ಸುಮ್ಮನಿರು ಅನ್ನುವುದಿಲ್ಲ. ಹಗೇವು ತೆಗೆಯುವ ದಿನ ಮನೆಯ ಹಿರಿಯ ಹೆಂಗಸು ಬಾಯಿಕಲ್ಲಿನ ಮೇಲೆ ನಿಂತು, ಕಾಲು ಅಪ್ಪಳಿಸಿ, ಜೋರಾಗಿ ಬೈಯುತ್ತಾಳೆ: ಎಲ್ಲಿ ಹಾಳಾಗಿ ಹೋಗೀಯ, ರೊಟ್ಟಿ ಆರಾಕತ್ತಾವು, ಬಾ ಹೊರಗ! ಒಳಗೆ ಜೋಳ ಬಿಟ್ಟು ಬೇರೇನೂ ಇಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಕಲ್ಲಿಗೆ ಕಿವಿಯಿಟ್ಟು, ಯಾರಾದರೂ ತಿರುಗಿ ಬೈದಾರೇನೋ ಅಂತ ಒಂದು ಗಳಿಗೆ ಕಾಯುತ್ತಾರೆ. ಆಮೇಲೇ ಕಲ್ಲೆತ್ತುತ್ತಾರೆ.