ಬೊಮ್ಮಕ್ಕನ ಹುಲ್ಲುಗಾವಲು

ಬಹಳ ಹಿಂದೆ, ಬಿಳಿಗಲ್ಲು ಗುಡ್ಡದ ಕೆಳಗಿನ ಒಂದೂರಿನಲ್ಲಿ ಬೊಮ್ಮಕ್ಕ ಎಂಬುವಳಿದ್ದಳು. ಆಗ ಯಾವ ರಾಜ ಆಳುತ್ತಿದ್ದ ಎಂದು ಕೇಳಬೇಡಿ; ಕುರಿ ಕಾಯುವವರು ರಾಜನನ್ನು ಕಂಡವರಲ್ಲ.

ಅವಳ ಕೈಲಿ ಆಗದು ಎಂದು ಮೊದಲು ಹೇಳಿದವನು ಅವಳ ಮೈದುನ ಕೆಂಚಪ್ಪ. ಗಂಡ ಸತ್ತ ಮೂರನೇ ತಿಂಗಳಿಗೆ ಅವಳು ಕಂಬಳಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತಳು. "ಅತ್ತಿಗೆ, ನೂಲೋದು ಹೆಂಗಸರ ಕೆಲಸ, ನೇಯೋದು ಗಂಡಸರದು. ಒಂದೇ ಒಂದು ಕಂಬಳಿ ಮುಗಿಸು ನೋಡಾನ, ಈ ಮೀಸೆ ಬೋಳಿಸ್ಕೊಂತೀನಿ," ಎಂದನಂತೆ ಅವನು. ಅವಳು ಮುಗಿಸಿದಳು. ಮೀಸೆ ಹೋಯಿತೋ ಉಳಿಯಿತೋ, ಅದನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ.

ಅವಳು ನೇಯ್ದ ಕಂಬಳಿಯಲ್ಲಿ ಕೆರೆಯ ನೀರನ್ನು ಗಂಟು ಕಟ್ಟಿ ಹೊತ್ತರೂ ಒಂದು ಹನಿ ಸೋರುತ್ತಿರಲಿಲ್ಲವಂತೆ. ಒಂದು ಮಗ್ಗ ಹತ್ತಾಯಿತು, ಹತ್ತು ನಲವತ್ತಾಯಿತು. ಗಂಡ ಸತ್ತ ವರ್ಷದ ಚಳಿಯಲ್ಲಿ ಅವಳೂ ಅತ್ತೆಯೂ ಒಂದೇ ಹರಕು ಕಂಬಳಿಯನ್ನು ಜಗ್ಗಾಡಿಕೊಂಡು ಮಲಗಿದ್ದರು. ಆ ಅತ್ತೆ ಚಳಿಗಾಲ ದಾಟಲಿಲ್ಲ. ಅದಕ್ಕೇ ಬೊಮ್ಮಕ್ಕ ಊರ ಮುಂದೆ ಆಣೆ ಮಾಡಿದಳು: ಈ ಗುಡ್ಡದ ಕೆಳಗೆ ಇನ್ನು ಯಾರೂ ಚಳಿಗೆ ನಡುಗಬಾರದು.

ಹಾಗೆ ಕಂಬಳಿ ಧರ್ಮ ಶುರುವಾಯಿತು. ಪ್ರತಿ ವರ್ಷ ಚಳಿ ಹಿಡಿಯುವ ಹೊತ್ತಿಗೆ ಇಲ್ಲದವರಿಗೆಲ್ಲ ಕಂಬಳಿ. ತಾನು ಸತ್ತಮೇಲೂ ಧರ್ಮ ನಡೆಯಲೆಂದು ಗುಡ್ಡದಾಚೆಯ ಹುಲ್ಲುಗಾವಲನ್ನು ಕೊಂಡು ಧರ್ಮದ ಹೆಸರಿಗೆ ಬಿಟ್ಟಳು, ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿದಳು. ಒಳಗೆ ಕುರಿ ಮೇಯಿಸುವವರು ವರ್ಷದ ಉಣ್ಣೆಯನ್ನು ಧರ್ಮಕ್ಕೆ ಒಪ್ಪಿಸಬೇಕು. ಆ ಉಣ್ಣೆಯೇ ಕಂಬಳಿ, ಆ ಕಂಬಳಿಯೇ ದಾನ.

ಕಂಬಳಿಗೆ ನಿಲ್ಲುವವರ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಯಿತು. ಧರ್ಮದ ಮೇಲ್ವಿಚಾರಕ ರುದ್ರಣ್ಣ ಓಡೋಡಿ ಬಂದು, "ಅಕ್ಕಾ, ಈ ಸಲ ಸಾಲು ಕೆರೆ ಏರಿ ಮುಟ್ಟೈತೆ! ಏಳು ಊರಲ್ಲಿ ನಿನ್ನದೇ ಹೆಸರು!" ಎನ್ನುತ್ತಿದ್ದ. ಬೊಮ್ಮಕ್ಕನಿಗೂ ಎದೆ ಉಬ್ಬುತ್ತಿತ್ತು. ಸುಳ್ಳು ಯಾಕೆ?

ಒಂದು ವರ್ಷ ಸಾಲಿನಲ್ಲಿ ಕುರಿಗಾರರ ಮುದುಕಿ ದುಗ್ಗವ್ವ ನಿಂತಿದ್ದಳು. ಬೊಮ್ಮಕ್ಕ ಕಂಬಳಿ ಕೊಟ್ಟಳು. ದುಗ್ಗವ್ವ ಅದನ್ನು ಉಜ್ಜಿ ನೋಡಿದಳು, ಮೂಸಿ ನೋಡಿದಳು, ಮಡಿಸಿ ತಿರುಗಿ ಇಟ್ಟಳು.

"ಯಾಕವ್ವ, ಸಾಲದಾ?"

"ಸಾಲದೇ ಏನು ತಾಯಿ. ಈ ಕರಿ ಉಣ್ಣೆ ನಡುವೆ ಜೇನಿನ ಬಣ್ಣದ ಎಳೆ ಐತಲ್ಲ, ಅದು ನನ್ನ ಕುರಿದು. ಬೇರೆಲ್ಲೂ ಹುಲ್ಲಿಲ್ಲ, ನಿನ್ನ ಹುಲ್ಲುಗಾವಲಲ್ಲಿ ಮೇಯಿಸಿದ್ದಕ್ಕೆ ಉಣ್ಣೆ ಎಲ್ಲಾ ನಿನ್ನ ಮನೆ ಸೇರ್ತು. ನನಗೆ ನೂಲಾಕೆ ಒಂದು ಹಿಡಿ ಉಳೀಲಿಲ್ಲ. ನನ್ನದನ್ನೇ ಕೈ ಚಾಚಿ ಇಸ್ಕೊಳ್ಳಾಕೆ ನಾಚಿಕೆ ಆಗ್ತೈತೆ."

"ಇಷ್ಟು ವರ್ಷದಲ್ಲಿ ಬ್ಯಾಡ ಅಂದೋಳು ನೀನೊಬ್ಬಳೇ!" ಬೊಮ್ಮಕ್ಕ ಸಿಡಿದಳು.

"ಮಿಕ್ಕೋರಿಗೆ ಚಳಿ ಜಾಸ್ತಿ," ಎಂದು ಮುದುಕಿ ಹೊದಿಕೆ ಇಲ್ಲದೆಯೇ ನಡೆದುಬಿಟ್ಟಳು.

ಬೊಮ್ಮಕ್ಕ ಹಟದವಳು. ಮುದುಕಿಯ ಮಾತು ಸುಳ್ಳೆಂದು ತೋರಿಸಲು ಸಾಲಿನ ಉದ್ದಕ್ಕೂ ನಡೆದು, ನಿನ್ನ ಕುರಿ ಎಲ್ಲಿ ಮೇಯುತ್ತದೆ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಧರ್ಮದ ಹುಲ್ಲುಗಾವಲಲ್ಲಿ ಎಂದರು. ಮುಂದಿನವರೂ ಅದನ್ನೇ ಎಂದರು. ಕೆರೆ ಏರಿಯವರೆಗೂ ಅದೇ ಉತ್ತರ. ಏರಿಯ ಮೇಲಿಂದ ಅವಳು ಹಿಂತಿರುಗಿ ಸಾಲನ್ನು ನೋಡಿದಳಂತೆ. ಅಷ್ಟು ಉದ್ದದ ಸಾಲನ್ನು ಬೆಳೆಸಿದ್ದು ಅವಳ ಬೇಲಿಯೇ.

ಅವಳು ಮನೆಗೆ ಹೋಗಿ ಕುಡುಗೋಲು ತಂದು, ಹುಲ್ಲುಗಾವಲಿಗೆ ನಡೆದು, ತಾನೇ ಬೇಲಿ ಕಡಿಯತೊಡಗಿದಳು. ರುದ್ರಣ್ಣ ಹಿಂದೆಯೇ ಬಾಯಿ ಬಡಿದುಕೊಂಡು ಬಂದ. "ಅಕ್ಕಾ, ಉಣ್ಣೆ ಬರದಿದ್ರೆ ಧರ್ಮ ನಿಂತುಹೋಗ್ತೈತೆ!"

"ನಿಲ್ಲಲಿ ಬಿಡೋ. ಯಾರೂ ನಡುಗಬಾರದು ಅಂತ ಆಣೆ ಮಾಡಿದ್ದೆ. ನನ್ನ ಬಾಗಿಲಲ್ಲಿ ಜನ ನಿಲ್ಲಬೇಕು ಅಂತ ಮಾಡಿರಲಿಲ್ಲ. ಸುಮ್ನೆ ನಿಂತೀಯಲ್ಲ, ಆ ಕಡೆ ಮುಳ್ಳು ಎಳಿ!"

ಮುಳ್ಳು ಹೊಕ್ಕು ಅವಳ ಕೈಯಿಂದ ರಕ್ತ ಸುರಿದರೂ ಮೂರು ದಿನ ಕುಡುಗೋಲು ಕೆಳಗಿಡಲಿಲ್ಲವಂತೆ. ಹುಲ್ಲುಗಾವಲನ್ನು ಕುರಿಗಾರರೆಲ್ಲರ ಹೆಸರಿಗೆ ಒಟ್ಟಾಗಿ ಬಿಟ್ಟಳು; ಯಾರೊಬ್ಬರೂ ಅದಕ್ಕೆ ಬೇಲಿ ಹಾಕುವಂತಿಲ್ಲ ಎಂದು ಕಟ್ಟಳೆ ಮಾಡಿದಳು. ಕುರಿ ಯಾರದೋ ಉಣ್ಣೆ ಅವರದೇ. ನಲವತ್ತು ಮಗ್ಗಗಳನ್ನು ಅವರ ಮನೆಮನೆಗೆ ಹೊರಿಸಿದಳು, ಅವರ ಹೆಣ್ಣುಮಕ್ಕಳಿಗೆ ಕುಣಿಗಿಳಿದು ನೇಯುವುದನ್ನು ಕಲಿಸಿದಳು. ಬೊಮ್ಮಕ್ಕನಿಗೆ ತಲೆ ಕೆಟ್ಟಿದೆ ಎಂದು ಏಳು ಊರೂ ಆಡಿಕೊಂಡಿತು.

ಮರುವರ್ಷ ಸಾಲು ಅರ್ಧವಾಯಿತು. ಅದರ ಮರುವರ್ಷ ಬಾಗಿಲಲ್ಲಿ ನಾಲ್ಕೈದು ಜನ. ಮೂರನೆಯ ವರ್ಷ ಬೊಮ್ಮಕ್ಕ ಮಿಕ್ಕಿದ ಕಂಬಳಿಗಳನ್ನು ಜಗಲಿಯಲ್ಲಿ ಪೇರಿಸಿ ಬೆಳಗಿನಿಂದ ಕೂತಳು. ಹೊತ್ತು ನೆತ್ತಿಗೆ ಬಂತು. ಒಂದು ನರಪಿಳ್ಳೆಯೂ ಬರಲಿಲ್ಲ. ಆಗ ಅವಳು ನಕ್ಕ ನಗೆಗೆ ಗುಡ್ಡದ ಮೇಲಿನ ಕುರಿಗಳೆಲ್ಲ ಮೇಯುವುದು ಬಿಟ್ಟು ತಲೆ ಎತ್ತಿದವಂತೆ.

ಕಡೆಗೆ ಬಂದವಳು ದುಗ್ಗವ್ವ, ಹೆಗಲ ಮೇಲೆ ಹೊಸ ಕಂಬಳಿ. "ಇಸ್ಕೊಳ್ಳಾಕೆ ಬಂದಿಲ್ಲ ಕಣವ್ವ, ಮಾರಾಕೆ ಬಂದೀನಿ. ಏನು ಕೊಡ್ತೀಯ?"

"ಅಂಚು ಸೊಟ್ಟ ಐತೆ."

"ಕಲಿಸಿದೋಳ ಕೈ ಸೊಟ್ಟ ಇರಬೇಕು!"

ಇಬ್ಬರೂ ಬೆಲೆಗೆ ಜಗಳವಾಡಿದ್ದು ಊರ ಬಾವಿಯವರೆಗೂ ಕೇಳಿಸಿತಂತೆ.

ಈಗಲೂ ಚಳಿ ಹಿಡಿಯುವ ಹೊತ್ತಿಗೆ ಆ ಊರಿನವರು ಹೆಂಗಸು ಗಂಡಸು ಎನ್ನದೆ ಹುಲ್ಲುಗಾವಲಿನ ಎಲ್ಲೆ ಸುತ್ತುತ್ತಾರೆ. ಎಲ್ಲಾದರೂ ಯಾರಾದರೂ ಬೇಲಿಮುಳ್ಳು ಇಟ್ಟಿದ್ದರೆ ಕಿತ್ತು, ಅಲ್ಲೇ ಒಲೆ ಹೂಡಿ, ಅದೇ ಮುಳ್ಳಿನಲ್ಲಿ ಅಡುಗೆ ಮಾಡಿ ಉಣ್ಣುತ್ತಾರೆ. ಬೊಮ್ಮಕ್ಕನಿಗೆ ಗುಡಿಯಿಲ್ಲ, ಮನೆ ಬಿದ್ದುಹೋಗಿದೆ. ಅವಳದೆಂದು ಕರೆಯುವುದು ಆ ಹುಲ್ಲುಗಾವಲೊಂದನ್ನೇ. ಅದಕ್ಕಾಗಿ ಅವಳು ತೆತ್ತದ್ದು ನಲವತ್ತು ಮಗ್ಗ, ಮತ್ತು ದಾನಿ ಎಂಬ ಹೆಸರು.