ಮಲ್ಲಿಗೆಗೆ ನೀರು ಹಾಕಿದ್ರಾ?

ಕೈತೋಟ ಬಳಗದ ಆನ್‌ಲೈನ್ ಚರ್ಚಾಕೂಟಕ್ಕೆ ಪಂಪಣ್ಣ ಹೊಸ ಅಧ್ಯಕ್ಷರಾದರು. ಆದವರೇ ಗುಮಾಸ್ತೆ ವನಮಾಲಾಳನ್ನು ಕರೆದು ಗುಡುಗಿದರು. "ಒಬ್ಬರಿಗೆ ಒಂದೇ ಖಾತೆ ಇರಬೇಕಮ್ಮ! ಒಂದೇ ಫೋನಿಂದ ಎರಡೆರಡು ಹೆಸರಲ್ಲಿ ಬರೆಯೋರ ಖಾತೆಗಳನ್ನೆಲ್ಲ ಒಂದು ಮಾಡು. ಆ ನಾಗಭೂಷಣ ಮೇಷ್ಟ್ರಿಂದಲೇ ಶುರು ಮಾಡು."

ವನಮಾಲಾಳಿಗೆ ಆ ಎರಡು ಖಾತೆಗಳ ಕಥೆ ಗೊತ್ತಿತ್ತು. ಮೇಷ್ಟ್ರ ಹೆಂಡತಿ ಕಮಲಮ್ಮ ಹೋದ ವರ್ಷ ತೀರಿಕೊಂಡಿದ್ದರು. ಆದರೂ ದಿನಾ ಬೆಳಿಗ್ಗೆ ಕಮಲಮ್ಮನ ಖಾತೆ ಕೇಳುತ್ತಿತ್ತು, "ಮಲ್ಲಿಗೆಗೆ ನೀರು ಹಾಕಿದ್ರಾ?" ಅದರ ಕೆಳಗೆ ಮೇಷ್ಟ್ರ ಉತ್ತರ, "ಹಾಕಿದೆ ಕಣೆ." ಎರಡನ್ನೂ ಬರೆಯುತ್ತಿದ್ದವರು ಮೇಷ್ಟ್ರೇ.

"ಆಗಲಿ ಸಾರ್," ಎಂದಳು ವನಮಾಲಾ. "ನಿಮ್ಮ ಖಾತೆಯಿಂದಲೇ ಬೋಣಿ ಮಾಡ್ತೀನಿ. ಆಮೇಲೆ ಯಾರೂ ತುಟಿಪಿಟಕ್ಕೆನ್ನಲ್ಲ."

ಖಾತೆ ಒಂದಾದರೆ ಹಳೆ ಬರಹಗಳ ಹೆಸರೂ ಬದಲಾಗುತ್ತದೆಂದು ಅರಿಯದೆ, ತಮ್ಮ ಗುಟ್ಟು ಯಾರಿಗೂ ತಿಳಿಯದೆಂಬ ಧೈರ್ಯದಲ್ಲಿ ಪಂಪಣ್ಣ ಹೂಂ ಎಂದರು. ಅವಳು ಗುಂಡಿ ಒತ್ತಿದಳು. ಅವರ ಗುಲಾಬಿಯ ಫೋಟೋ ಕೆಳಗಿದ್ದ ಅಭಿಮಾನಿಗಳ ಹೆಸರೆಲ್ಲ ಮಾಯವಾಗಿ, ಎಲ್ಲ ಕಡೆ ಅವರದೇ ಹೆಸರು ಬಂತು.

"ಪಂಪಣ್ಣನವರ ಕೈಗುಣವೇ ಕೈಗುಣ! – ಪಂಪಣ್ಣ."

"ಇಂಥ ಗುಲಾಬಿ ಹುಟ್ಟಿದಾಗಿಂದ ಕಂಡಿಲ್ಲ ಸಾರ್! – ಪಂಪಣ್ಣ."

ಅಧ್ಯಕ್ಷರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. "ಅಯ್ಯೋ ತಾಯಿ, ಮೊದಲಿದ್ದ ಹಾಗೇ ಮಾಡಮ್ಮ! ಕಂಡೋರು ನಗ್ತಾರೆ."

ಅವಳು ಮೊದಲಿದ್ದ ಹಾಗೇ ಮಾಡಿದಳು. ಪಂಪಣ್ಣ ಬೆವರು ಒರೆಸಿಕೊಂಡು, ಮೆತ್ತಗೆ ಕೇಳಿದರು, "ಹೋಗಲಿ, ಆ ಮೇಷ್ಟ್ರಿಗ್ಯಾಕಮ್ಮ ಎರಡು ಖಾತೆ?"

ವನಮಾಲಾ ಬೆಳಗಿನ ಆ ಎರಡು ಸಾಲು ತೋರಿಸಿದಳು.

"ಮನೇಲಿ ಈಗ ಒಬ್ಬರೇ ಸಾರ್. ಇಲ್ಲಾದರೂ ಇಬ್ಬರಿರಲಿ."